ಕೌದಿಯ ನಡುವಿನ ತುಂಡು

ಲಗೋವಾ ದೊ ಉಂಬು
ಜುಲೈ 2, 1986

ಮಗಳೇ ಮಾರ್ಲೂಸಿ,

ನೀನು ಕ್ಷೇಮವಾಗಿದ್ದೀ ಎಂದು ನಂಬಿದ್ದೇನೆ. ಇಲ್ಲಿ ನಾನೂ ಇದ್ದೇನೆ. ಎಡ ಮೊಣಕಾಲೊಂದನ್ನು ಬಿಟ್ಟರೆ ಮೈಯ ಉಳಿದ ಭಾಗವೆಲ್ಲ ಇನ್ನೂ ಹೇಳಿದ ಮಾತು ಕೇಳುತ್ತಿದೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಜೆಕಾ ತನ್ನ ಬಸ್ಸಿನಲ್ಲಿ ನಿನ್ನ ಕಾಗದವನ್ನೂ ಗಂಟನ್ನೂ ತಂದುಕೊಟ್ಟಾಗ ಜೂನ್ ಆಗಷ್ಟೇ ಹುಟ್ಟಿತ್ತು. ಸಂತ ಜುವಾಂವ್ ಹಬ್ಬ ತಲೆಯ ಮೇಲಿತ್ತು. ಊರಿನ ಹೆಣ್ಣುಮಕ್ಕಳೆಲ್ಲ ಕುಣಿತಕ್ಕೆ ಹೂವಿನ ಲಂಗ ಬೇಕೆಂದು ನನ್ನ ಬಾಗಿಲಲ್ಲೇ ಬಿಡಾರ ಹೂಡಿದ್ದರು. ಲಂಗಗಳು ಮುಗಿದವು, ಹಬ್ಬವೂ ಮುಗಿಯಿತು, ಬೀದಿಯ ಬೆಂಕಿಯ ಬೂದಿಯನ್ನೂ ಗುಡಿಸಿದ್ದಾಯಿತು. ಆಮೇಲೂ ಕೆಲವು ದಿನ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ನೀನು ಕೇಳಿದ್ದು ಎರಡು. ಹೊಲಿಗೆ ಮಿಷನ್ ಏಕೆ ಕಾಡುತ್ತಿದೆ ಎಂಬುದು ಒಂದು. ಕೌದಿಯ ಮೇಲಿನ ಕಲೆ ತೆಗೆದು ಸೆಪ್ಟೆಂಬರಿನ ಮದುವೆಯೊಳಗೆ ಕಳಿಸಿ ಎಂಬುದು ಇನ್ನೊಂದು. ಮೊದಲು ಮಿಷನ್ನಿನ ವಿಷಯ ಮುಗಿಸುತ್ತೇನೆ, ಅದು ಸುಲಭ.

ಬಟ್ಟೆಯ ಕೆಳಗೆ ದಾರ ಗುಂಗುರು ಗುಂಗುರಾಗಿ ಬಂದರೆ ಎಲ್ಲರೂ ಕೆಳಗಿನ ಬಾಬಿನ್ನನ್ನು ಬೈಯುತ್ತಾರೆ. ಪಾಪ, ಅದರದ್ದೇನೂ ತಪ್ಪಿರುವುದಿಲ್ಲ. ತಪ್ಪು ಮೇಲಿನ ದಾರದ್ದು. ಬಟ್ಟೆ ಅದುಮುವ ಪಾದವನ್ನು ಎತ್ತಿ, ಮೇಲಿನ ದಾರವನ್ನು ಪೂರ್ತಿ ಕಿತ್ತು, ಮೊದಲಿನಿಂದ ಪೋಣಿಸು. ಪಾದ ಇಳಿಸಿಕೊಂಡು ಪೋಣಿಸಿದರೆ ದಾರ ಬಿಗಿಯುವ ಬಿಲ್ಲೆಗಳ ನಡುವೆ ಅದು ಕೂರುವುದೇ ಇಲ್ಲ. ಹೊಲಿಯಲು ಕೂತಾಗಲೆಲ್ಲ ನಿನಗೆ ಆತುರ, ಹಾಗಾಗಿ ಪಾದ ಇಳಿಸಿಯೇ ಪೋಣಿಸುತ್ತೀ. ಚಿಕ್ಕವಳಿದ್ದಾಗಲೂ ಅದೇ ಅಭ್ಯಾಸ. ಸೂಜಿಯನ್ನೂ ಬದಲಾಯಿಸು. ಮೊಂಡು ಸೂಜಿ ಬಟ್ಟೆಯನ್ನು ಚುಚ್ಚುವಾಗ ಟಪ್ ಟಪ್ ಎನ್ನುತ್ತದೆ, ಆ ಸದ್ದು ಕೇಳಿದ ಮೇಲೂ ಹೊಲಿಯುವವಳು ಸೋಮಾರಿ.

ಮಿಷನ್ ಗಟ್ಟಿಯಾಗಿದೆ, ತುಳಿದರೆ ಮುಂದೆ ಹೋಗುವುದಿಲ್ಲ ಎಂದಿದ್ದೀ. ನಿಮ್ಮಮ್ಮ ಅಡುಗೆ ಎಣ್ಣೆ ಬಿಟ್ಟಿರುತ್ತಾಳೆ. ಹಿಂದೊಮ್ಮೆ ನನ್ನ ಮಿಷನ್ನಿಗೂ ಬಿಟ್ಟಿದ್ದಳು. ಅಡುಗೆ ಎಣ್ಣೆ ಒಳಗೆ ಕೂತು ಬೆಲ್ಲದ ಪಾಕದಂತಾಗುತ್ತದೆ. ಎಣ್ಣೆ ಬಿಡುವ ತೂತುಗಳಿಗೆ ಒಂದೆರಡು ಹನಿ ಸೀಮೆಎಣ್ಣೆ ಹಾಕಿ, ದಾರವಿಲ್ಲದೆ ಚೆನ್ನಾಗಿ ತುಳಿ. ಕರಗಿ ಬಂದ ಕಪ್ಪು ಜಿಡ್ಡನ್ನು ಒರೆಸಿ, ಆಮೇಲೆ ಮಿಷನ್ ಎಣ್ಣೆಯನ್ನೇ ಬಿಡು. ಬಿಟ್ಟ ತಕ್ಷಣ ಒಳ್ಳೆಯ ಬಟ್ಟೆಗೆ ಕೈ ಹಾಕಬೇಡ, ಹಳೆಯ ಚಿಂದಿಯ ಮೇಲೆ ಎಣ್ಣೆಯ ಗುರುತು ನಿಲ್ಲುವವರೆಗೂ ಹೊಲಿ. ತಟ್ಟೆಯ ಕೆಳಗಿನ ನೂಲಿನ ಧೂಳನ್ನು ಕೋಳಿಗರಿಯಿಂದ ತೆಗೆ. ಬಾಯಿಂದ ಊದಬೇಡ, ಉಸಿರಿನ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ರೆಸೀಫೆಯಲ್ಲಿ ಕೋಳಿಗರಿ ಸಿಗದಿದ್ದರೆ ಹೇಳು, ನಮ್ಮ ಹಿತ್ತಲಿನ ಹುಂಜಕ್ಕೆ ಬಾಲ ಬೇಕಾದಷ್ಟಿದೆ, ಬುದ್ಧಿ ಒಂದೇ ಇಲ್ಲ.

ಇನ್ನು ಕೌದಿ.

ನಮ್ಮ ಬೀದಿಯ ಪದ್ಧತಿ ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತೇನೆ, ಮರೆತವರಿಗೆ ನೆನಪಿಸುವುದು ಮುದುಕಿಯರ ಕೆಲಸ. ಮಗುವಿಗೆ ಜ್ಞಾನಸ್ನಾನದ ಬಿಳಿ ಅಂಗಿ ಹೊಲಿಯುವವಳು ಧರ್ಮತಾಯಿ, ಅದರ ಮದ್ರೀನ್ಯ. ಮಗು ಬೆಳೆದು ಆ ಅಂಗಿ ಸಣ್ಣದಾದಾಗ ಅದರ ಎದೆಯ ತುಂಡನ್ನು ಕತ್ತರಿಸಿ ಎತ್ತಿಡುವವಳೂ ಅವಳೇ. ಆಮೇಲೆ ಆ ಹುಡುಗಿ ಹಾಕಿ ಹರಿದ ಪ್ರತಿಯೊಂದು ಬಟ್ಟೆಯಿಂದ ಒಂದೊಂದು ತುಂಡು. ಅವಳ ಮದುವೆ ಗೊತ್ತಾದಾಗ ಬಿಳಿಯದನ್ನು ನಡುವಿಗಿಟ್ಟು, ಸುತ್ತ ಉಳಿದದ್ದನ್ನೆಲ್ಲ ಜೋಡಿಸಿ ಕೌದಿ ಮಾಡುತ್ತಾಳೆ. ನಿನ್ನದರಲ್ಲಿ ಶಾಲೆಯ ನೀಲಿ ಲಂಗವಿದೆ. ಮೊದಲ ಪರಮಪ್ರಸಾದದ ದಿನದ ಉಡುಪಿನ ತೋಳಿದೆ. ಗೋಡಂಬಿ ಹಣ್ಣು ತಿಂದು ಕಲೆ ಮಾಡಿಕೊಂಡು ಅತ್ತೆಯಲ್ಲ, ಆ ಹಳದಿ ಫ್ರಾಕೂ ಇದೆ. ಕೆಂಪು ತುಂಡುಗಳನ್ನು ಕತ್ತರಿಸುವ ಮೊದಲೇ ಉಪ್ಪುನೀರಿನಲ್ಲಿ ನೆನೆಸಿ, ನೀರು ತಿಳಿಯಾಗಿ ಬರುವವರೆಗೂ ಜಾಲಿಸಿದ್ದೆ. ಮೂರು ಪದರವನ್ನು ನೆಲದ ಮೇಲೆ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಕಚ್ಚಾ ಹೊಲಿಗೆ ಹಾಕಿದ್ದೆ. ಅಂಚಿನಿಂದ ಒಳಗೆ ಬಂದರೆ ನಡುವೆ ಉಬ್ಬು ಏಳುತ್ತದೆ, ಆ ಉಬ್ಬು ಹುಟ್ಟಿದ ಮೇಲೆ ಸಾಯುವುದಿಲ್ಲ. ಸೂಜಿಯನ್ನು ಸಾಬೂನಿನ ಚೂರಿಗೆ ಚುಚ್ಚಿಡುತ್ತಿದ್ದೆ, ದಪ್ಪ ಪದರದಲ್ಲೂ ಬೆಣ್ಣೆಯಲ್ಲಿ ಇಳಿದಂತೆ ಇಳಿಯಲೆಂದು. ಮೂಲೆಯ ಮಡಿಕೆಯೊಳಗೆ ದೃಷ್ಟಿಯಾಗದಿರಲೆಂದು ನಾಗದಾಳಿ ಸೊಪ್ಪಿನ ಎಲೆಯನ್ನೂ ಇಟ್ಟಿದ್ದೆ.

ಈಸ್ಟರಿಗೆ ಅದನ್ನು ಕಳಿಸಿದೆ. ಮದುವೆ ಮೇ ತಿಂಗಳಲ್ಲಿ ಎಂದಿದ್ದಿರಿ. ಆಮೇಲೆ, ಮೇ ಹುಟ್ಟುವ ಮೊದಲೇ, ನಿನ್ನ ಹಿಂದಿನ ಕಾಗದ ಬಂತು. ಅದಾಲ್ಬೆರ್ತೊನ ತಂದೆಗೆ ಆರೋಗ್ಯವಿಲ್ಲ, ಮದುವೆ ಸೆಪ್ಟೆಂಬರಿಗೆ ಹೋಯಿತು, ನೀವು ನನ್ನ ಎಡಗಡೆ ನಿಲ್ಲದೆ ನಾನು ಬಲಿಪೀಠದ ಮುಂದೆ ಹೋಗುವುದಿಲ್ಲ ಮದ್ರೀನ್ಯ ಎಂದು ಬರೆದಿದ್ದೆ. ಆ ಸಾಲನ್ನು ನಾನು ಬೀದಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಕಾಶನೀಲಿ ಬಟ್ಟೆ ತಂದು ನನಗೊಂದು ಉಡುಪು ಹೊಲಿದುಕೊಂಡೆ. ನಾನು ನನಗಾಗಿ ಹೊಸ ಬಟ್ಟೆ ಹೊಲಿದು ಎಷ್ಟು ಕಾಲವಾಗಿತ್ತೆಂದರೆ ನನ್ನ ಅಳತೆಯೇ ನನಗೆ ಮರೆತುಹೋಗಿತ್ತು.

ಗಂಟು ಬಿಚ್ಚಿದ ದಿನ ನಾನು ಖುಷಿಯಲ್ಲೇ ಇದ್ದೆ. ಕರೆಂಟು ಹೋದಾಗ ಮೇಣದಬತ್ತಿ ಬಿತ್ತು ಎಂದು ಬರೆದಿದ್ದೀ, ಸರಿ, ಎಲ್ಲರ ಮನೆಯಲ್ಲೂ ಬೀಳುತ್ತದೆ. ಮೇಣವನ್ನು ಚಮಚದ ಹಿಂಬದಿಯಿಂದ ಕೆರೆದು, ಬ್ರೆಡ್ಡಿನ ಕಂದು ಕಾಗದವನ್ನು ಮೇಲೊಂದು ಕೆಳಗೊಂದು ಇಟ್ಟು, ಬೆಚ್ಚನೆಯ ಇಸ್ತ್ರಿ ಎಳೆದೆ. ಕಾಗದವೇ ಮೇಣವನ್ನು ಕುಡಿಯುತ್ತದೆ, ಕಾಗದ ಬದಲಾಯಿಸುತ್ತಾ ಹೋದರೆ ಸಾಕು. ಅದರ ಪಕ್ಕದಲ್ಲಿ ವೈನಿನ ಕಲೆಯಿತ್ತು. ಹಸಿಯಿದ್ದಾಗ ಉಪ್ಪು ಸುರಿದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಒಣಗಿದ್ದಕ್ಕೆ ಹಾಲಿನಲ್ಲಿ ನೆನೆಸಿ, ಸಾಬೂನು ಹಚ್ಚಿ, ಹುಲ್ಲಿನ ಮೇಲೆ ಬಿಸಿಲಿಗೆ ಹಾಸಿ, ಒಣಗದಂತೆ ನೀರು ಚಿಮುಕಿಸುತ್ತಾ ಕೂರಬೇಕಾಯಿತು. ಇನ್ನೊಂದು ಕಡೆ ಗುಲಾಬಿ ಬಣ್ಣದ ಜಿಡ್ಡು. ಅದಕ್ಕೆ ಜೋಳದ ಹಿಟ್ಟು ಉದುರಿಸಿ ಜಿಡ್ಡು ಹೀರಲು ಬಿಟ್ಟು ಕೊಡವಿದೆ. ಹಿಟ್ಟಿನ ವಾಸನೆ ನೋಡಿದರೆ ಬೆಣ್ಣೆ, ಸಕ್ಕರೆ, ವೆನಿಲಾ. ಕೇಕಿನ ಮೇಲಿನ ಹೂವು. ಆಗಲೇ ನನ್ನ ಕೈ ನಿಧಾನವಾಯಿತು. ಕರೆಂಟು ಹೋದ ಮನೆಯಲ್ಲಿ ವೈನು, ಮೇಣದಬತ್ತಿ, ಕೇಕಿನ ಹೂವು ಮೂರೂ ಸೇರಿ ಒಂದು ಕೌದಿಯ ಮೇಲೆ ಏಕೆ ಬಿದ್ದವು?

ಆಮೇಲೆ ಅಂಚಿನ ಮಡಿಕೆಯನ್ನು ಬಿಡಿಸಿ ಕೊಡವಿದೆ. ನೆಲಕ್ಕೆ ಅಕ್ಕಿ ಉದುರಿತು.

ಬೇಯದ ಅಕ್ಕಿ, ಮಗಳೇ. ಚರ್ಚಿನ ಬಾಗಿಲಲ್ಲಿ ಮದುವೆಯಾದವರ ತಲೆಯ ಮೇಲೆ ಎರಚುವ ಅಕ್ಕಿ. ನಿನ್ನ ಮುಡಿಯಿಂದ, ಉಡುಪಿನಿಂದ ಉದುರಿ ಅದರ ಮೇಲೆ ಬಿದ್ದಿರಬೇಕು. ಮೇಣಕ್ಕೆ, ವೈನಿಗೆ, ಬೆಣ್ಣೆಗೆ ನನ್ನಲ್ಲಿ ಉಪಾಯವಿತ್ತು. ಅಕ್ಕಿಗೆ ಇರಲಿಲ್ಲ. ಅದನ್ನು ಆಯ್ದು ಒಂದು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟೆ. ಆದರೂ ನನ್ನ ಮನಸ್ಸು ನಿನ್ನ ಪರವಾಗಿ ವಾದ ಮಾಡುತ್ತಲೇ ಇತ್ತು. ಬೇರೆ ಯಾರದೋ ಮದುವೆಗೆ ಎರವಲು ಕೊಟ್ಟಿದ್ದಾಳೆ ಎಂದಿತು. ಅಡುಗೆಮನೆಯಲ್ಲಿ ಅಕ್ಕಿ ಚೆಲ್ಲಿದೆ ಎಂದಿತು. ಪ್ರೀತಿಸುವವರ ಮನಸ್ಸು ಒಳ್ಳೆಯ ವಕೀಲ, ಸಂಬಳವನ್ನೂ ಕೇಳುವುದಿಲ್ಲ.

ಹಬ್ಬದ ಹಿಂದಿನ ಸಂಜೆ ನಿಮ್ಮಮ್ಮ ಇವೊನೇಟಿ ರೆಸೀಫೆಯಿಂದ ಬಂದಳು. ನಾನು ನೀಲಿ ಉಡುಪು ಹಾಕಿಕೊಂಡು ಬೆಂಕಿಯ ಮುಂದೆ ಕೂತಿದ್ದೆ. ನಾವಿಬ್ಬರೂ ಹುಡುಗಿಯರಿದ್ದಾಗ ಅದೇ ಬೀದಿಯ ಬೆಂಕಿಯ ಸುತ್ತ ಕೈ ಹಿಡಿದು ಸುತ್ತಿ, ಇಂದಿನಿಂದ ನಾವು ಕೊಮಾದ್ರೆಯರು ಎಂದು ಆಣೆ ಮಾಡಿದವರು. ಹುಟ್ಟುವ ಮಕ್ಕಳಿಗೆ ಒಬ್ಬರಿಗೊಬ್ಬರು ಧರ್ಮತಾಯಿ ಎಂದು ಅಂದೇ ಮಾತಾಗಿತ್ತು. ನನಗೆ ಮಕ್ಕಳಾಗಲಿಲ್ಲ, ಅವಳಿಗೆ ನೀನು ಹುಟ್ಟಿದೆ. ಆ ಮಾತಿನ ನನ್ನ ಪಾಲೆಲ್ಲ ನೀನೊಬ್ಬಳೇ.

ಇವೊನೇಟಿ ಬಂದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೆಪ್ಟೆಂಬರಿನ ಉಡುಪು ಈಗಲೇ ಹಾಕಿದ್ದೀಯಲ್ಲ ಎಂದು ತಮಾಷೆ ಮಾಡಿದಳು. ಬಾಯಿ ನಗುತ್ತಿತ್ತು, ಕಣ್ಣು ಬೆಂಕಿಯ ಕಡೆ ತಿರುಗಿತ್ತು. ನಾನು ಬೆಂಕಿಪೊಟ್ಟಣ ತೆಗೆದು ಅವಳ ಅಂಗೈಗೆ ಅಕ್ಕಿ ಸುರಿದೆ.

"ಇದು ಯಾವ ಮದುವೇದು, ಕೊಮಾದ್ರೆ?" ಎಂದೆ.

ಅವಳು ಜೋಳದ ಮೂಟೆಯ ಮೇಲೆ ಕೂತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಮದುವೆ ಮೇ ತಿಂಗಳಲ್ಲೇ ಆಯಿತಂತೆ. ಅದಾಲ್ಬೆರ್ತೊನ ತಂದೆ ಗಟ್ಟಿಯಾಗಿದ್ದಾರಂತೆ, ಕುಣಿದರಂತೆ. ನಿನ್ನ ಎಡಗಡೆ, ನನ್ನ ಜಾಗದಲ್ಲಿ, ನ್ಯಾಯಾಧೀಶರ ಹೆಂಡತಿ ನಿಂತಿದ್ದರಂತೆ, ಹುಡುಗನ ತಾಯಿಯ ಆಸೆ ಅದು. ಹುಡುಗಿಯ ಮೇಲೆ ಸಿಟ್ಟು ಬೇಡ, ಮುಂದೂಡಿದೆ ಎಂದು ಕಾಗದ ಬರೆಸಿದವಳು ತಾನೇ ಎಂದು ಎದೆ ಬಡಿದುಕೊಂಡಳು.

"ಫೋಟೋದಲ್ಲಿ ಎಲ್ರೂ ಶೂ ಹಾಕಿರ್ತಾರೆ ಕಣೇ, ನೀನು ಆ ಚರ್ಮದ ಚಪ್ಪಲೀಲಿ ಬಂದ್ಬಿಡ್ತೀಯ. ನಿನ್ ಮುಖ ನೋಡಿ ಬರಬೇಡ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಅದಕ್ಕೇ ಸುಳ್ಳು ಹೇಳ್ದೆ."

"ಶೂ ತಗೊಂಡಿದ್ದೆ," ಎಂದೆ ನಾನು.

ನಿಜ, ತೆಗೆದುಕೊಂಡಿದ್ದೆ. ಮೊಣಕಾಲು ನೋವು ಶುರುವಾದದ್ದೇ ಅದನ್ನು ಹಾಕಿಕೊಂಡು ಮನೆಯೊಳಗೆ ನಡೆದು ಅಭ್ಯಾಸ ಮಾಡಲು ಹೋಗಿ. ನಿಮ್ಮಮ್ಮ ಅತ್ತಳು. ನಾನು ಅಳಲಿಲ್ಲ. ಅವಳಿಗೆ ಒಂದು ಬಟ್ಟಲು ಕಾಂಜಿಕ ಕೊಟ್ಟೆ, ದಾಲ್ಚಿನ್ನಿ ಉದುರಿಸಿಯೇ ಕೊಟ್ಟೆ. ತಿಂದಳು. ಹಬ್ಬದ ಜೋಳದ ಪಾಯಸವನ್ನು ಬೇಡ ಅನ್ನುವಷ್ಟು ದುಃಖ ಅವಳಿಗೆ ಎಂದೂ ಬಂದಿಲ್ಲ.

ಸುಳ್ಳು ಏಕೆ ಹೇಳಲಿ, ನನಗೆ ಮೋಸವಾಗಿದೆ. ಬಾವಿಗೆ ಇಳಿಸಿ ಹಗ್ಗ ಕೊಯ್ದಂತಾಗಿದೆ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ಬೀದಿಯಲ್ಲಿ ಈಗಲೂ ಜನ ಕೇಳುತ್ತಾರೆ, ದೋನ ಕಿತೇರಿಯಾ, ಸೆಪ್ಟೆಂಬರಿನಲ್ಲಿ ಯಾವ ತಾರೀಕು ಎಂದು. ಇನ್ನೂ ಗೊತ್ತಾಗಿಲ್ಲ ಎನ್ನುತ್ತೇನೆ. ನಿಮ್ಮ ಸುಳ್ಳನ್ನು ಈಗ ನಾನು ಕಾಯುತ್ತಿದ್ದೇನೆ, ನಿಮ್ಮ ಮಾನ ಹೋಗದಿರಲೆಂದು.

ಆದರೆ ನಿಮ್ಮಮ್ಮ ಹೇಳಿದ್ದಷ್ಟೇ ಆಗಿದ್ದರೆ ಇದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ತಾಯಿ ಹೇಳಿದಳು, ಮಗಳು ಬರೆದಳು. ದೊಡ್ಡ ಮನೆಗೆ ಸೇರುವಾಗ ಹುಡುಗಿಯರು ಬಾಗಿಲು ಚಿಕ್ಕದೆಂದು ತಲೆ ತಗ್ಗಿಸುತ್ತಾರೆ. ನನ್ನ ಜಾಗದಲ್ಲಿ ಇನ್ನೊಬ್ಬರು ನಿಂತರು, ನಿಲ್ಲಲಿ. ಪಾದ್ರಿಯ ಕಣ್ಣಿಗೆ ನಾನೂ ಅವರೂ ಒಂದೇ ಸಮ ಮುದುಕಿಯರು.

ಕೌದಿಯನ್ನು ಜೆಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಲೆ ಒಂದೂ ಉಳಿದಿಲ್ಲ, ಎಲ್ಲಿತ್ತೆಂದು ನಿನಗೇ ಹುಡುಕಲಾಗದು. ಮಡಿಸುವಾಗ ಪ್ರತಿಸಲ ಬೇರೆ ಗೆರೆಯಲ್ಲಿ ಮಡಿಸು, ಒಂದೇ ಗೆರೆಯಲ್ಲಿ ಮಡಿಸಿದರೆ ಅಲ್ಲೇ ಸವೆದು ಹರಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡ, ಹಳೆಯ ದಿಂಬಿನ ಚೀಲದಲ್ಲಿಡು. ಅದಾಲ್ಬೆರ್ತೊನಿಗೆ ನನ್ನ ನಮಸ್ಕಾರ ತಿಳಿಸು. ಒಳ್ಳೆಯ ಹುಡುಗನೆಂದು ಎಲ್ಲರೂ ಹೇಳುತ್ತಾರೆ, ಇರಬಹುದು.

ನಿನ್ನ ಕಾಗದದ ಕೊನೆಯಲ್ಲಿ ಎಂದಿನಂತೆ "ಆಶೀರ್ವಾದ, ಮದ್ರೀನ್ಯ" ಎಂದು ಬರೆದಿದ್ದೀ. ಕೇಳಿದ ಆಶೀರ್ವಾದವನ್ನು ತಡೆಹಿಡಿಯುವ ಹಕ್ಕು ಧರ್ಮತಾಯಿಗಿಲ್ಲ. ಸಿಟ್ಟಿನಲ್ಲಿದ್ದರೂ ಕೊಡಬೇಕು, ಸಾಯುತ್ತಿದ್ದರೂ ಕೊಡಬೇಕು. ದೇವರು ನಿನ್ನನ್ನು ಹರಸಲಿ, ಮಗಳೇ. ನಿನ್ನ ಮನೆಯಲ್ಲಿ ಬೀನ್ಸ್ ಬೇಯಲಿ, ಮಕ್ಕಳು ಕುಣಿಯಲಿ, ನಿನಗೆ ಯಾರೂ ಸುಳ್ಳು ಹೇಳದಿರಲಿ.

ಇತಿ,
ಕಿತೇರಿಯಾ

ಮರೆತದ್ದು: ಮೇಲೆ ಸಹಿ ಮಾಡುವಾಗ "ನಿನ್ನ ಮದ್ರೀನ್ಯ" ಎಂದು ಬರೆಯಲಿಲ್ಲ, ನೋಡಿದೆಯಾ? ಕೈ ಬರಲಿಲ್ಲ. ಕಾರಣ ಹೇಳದೆ ಲಕೋಟೆ ಅಂಟಿಸಲು ಹೋದೆ, ಅದಕ್ಕೂ ಕೈ ಬರಲಿಲ್ಲ.

ನಿಮ್ಮಮ್ಮ ಹೊರಟ ಮಾರನೆಯ ದಿನ ಜೆಕಾ ಬಂದು ಹೊಸ್ತಿಲ ಮೇಲೆ ಕೂತ. ಬಸ್ಸು ಹೇಗಿದೆಯಪ್ಪ ಎಂದೆ, ಅಷ್ಟೇ. "ನಾನೇನೂ ನೋಡಿಲ್ಲ, ದೋನ ಕಿತೇರಿಯಾ" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಫಿ ಕೊಟ್ಟೆ, ತಾನಾಗಿಯೇ ಬಾಯಿಬಿಟ್ಟ. ಮದುವೆಯ ದಿನ ನಿಮ್ಮಮ್ಮ ತರಲು ಹೇಳಿದ್ದ ಮೇಕೆ ಗಿಣ್ಣನ್ನು ಇಳಿಸಲು ಅವನು ನಿಮ್ಮ ಅಡುಗೆಮನೆಯ ಬಾಗಿಲಿಗೆ ಬಂದಿದ್ದನಂತೆ. ಕೇಕಿನ ಮೇಜಿನ ಮೇಲೆ ಬಟ್ಟೆಯ ಬದಲು ನನ್ನ ಕೌದಿ ಹಾಸಿತ್ತಂತೆ. ಅದಕ್ಕೂ ನನಗೆ ಬೇಸರವಿಲ್ಲ, ಚಂದ ಕಾಣಿಸಿರಬೇಕು. ಮುತ್ತಿನ ಸರ ಹಾಕಿದ್ದ ಒಬ್ಬರು ನಿನ್ನನ್ನು, ಎಷ್ಟು ಸೊಗಸಾಗಿದೆ, ಯಾರು ಮಾಡಿದ್ದು ಎಂದು ಕೇಳಿದರಂತೆ. ನೀನು ಹೇಳಿದ್ದನ್ನು ಜೆಕಾ ನೆಲ ನೋಡಿಕೊಂಡು ನನಗೆ ಹೇಳಿದ.

"ಅಯ್ಯೋ, ಹಳ್ಳೀಲಿ ಒಬ್ಳು ಹೊಲಿಗೆಯವಳಿದಾಳೆ. ಕೂಲಿ ಕೊಟ್ಟು ಮಾಡಿಸ್ಕೊಂಡ್ವಿ."

ಆ ಮಾತನ್ನು ನಿಮ್ಮಮ್ಮ ಬರೆಸಲಿಲ್ಲ. ಹುಡುಗನ ತಾಯಿಯೂ ಹೇಳಿಕೊಡಲಿಲ್ಲ. ನನ್ನನ್ನು ಕರೆಯಬೇಕಾಗಿರಲಿಲ್ಲ, ನಿಲ್ಲಿಸಬೇಕಾಗಿರಲಿಲ್ಲ, ಫೋಟೋ ತೆಗೆಸಬೇಕಾಗಿರಲಿಲ್ಲ. ನಾನು ಅಲ್ಲಿ ಇರಲೂ ಇಲ್ಲ. ಒಂದು ಪದ ಸಾಕಿತ್ತು, ನೀನು ಮಾತು ಕಲಿತಾಗ ಅಮ್ಮ ಎನ್ನುವ ಮೊದಲೇ ತೊದಲಿದ ಪದ.

ಹಾಗಾಗಿ ನಾನೊಂದು ಕೆಲಸ ಮಾಡಿದ್ದೇನೆ. ಕೂಲಿಗೆ ಹೊಲಿಯುವವಳ ಬಳಿ ಗಿರಾಕಿಯ ಜ್ಞಾನಸ್ನಾನದ ಅಂಗಿ ಇರುವುದಿಲ್ಲ, ಅಲ್ಲವೇ? ಕೌದಿಯ ನಡುವಿನ ಬಿಳಿ ತುಂಡನ್ನು ಬಿಚ್ಚಿ ತೆಗೆದು, ಅದರ ಜಾಗಕ್ಕೆ ಅಂಗಡಿಯ ಹೊಸ ಬಿಳಿ ಬಟ್ಟೆ ಹೊಲಿದಿದ್ದೇನೆ. ಕೆಲಸ ಅಚ್ಚುಕಟ್ಟಾಗಿದೆ, ನಿನ್ನ ಅತಿಥಿಗಳಿಗೆ ವ್ಯತ್ಯಾಸ ತಿಳಿಯದು. ಬಿಚ್ಚುವಾಗ ಬೆರಳಿಗೆ ಸೂಜಿ ಚುಚ್ಚಿ ಹಳೆಯ ತುಂಡಿನ ಮೇಲೆ ಒಂದು ಹನಿ ರಕ್ತ ಬಿತ್ತು. ಚಿಕ್ಕವಳಿದ್ದಾಗ ನಿನಗೆ ಕಲಿಸಿದ್ದೆನಲ್ಲ, ಅವರವರ ರಕ್ತ ಅವರವರ ಉಗುಳಿಗೇ ಹೋಗುವುದೆಂದು. ಉಗುಳು ಹಚ್ಚಿ ಒರೆಸಿದೆ, ಹೋಯಿತು.

ಆ ತುಂಡು ನನ್ನ ಮಿಷನ್ನಿನ ಡ್ರಾಯರಿನಲ್ಲಿದೆ. ಬೇಕೆನಿಸಿದ ದಿನ ಕೌದಿ ಹೊತ್ತುಕೊಂಡು ಜೆಕಾನ ಬಸ್ಸಿನಲ್ಲಿ ಬಾ. ಹಗಲು ಹೊತ್ತು ಬಾ, ಬೀದಿಯವರೆಲ್ಲ ಹೊರಗಿರುವಾಗ. ಬಾಗಿಲಲ್ಲಿ ನಿಂತು, ಕಾಗದದ ಕೊನೆಯಲ್ಲಿ ಬರೆದು ಕೇಳುವುದನ್ನು ಬಾಯಲ್ಲಿ ಕೇಳು, ಎದುರು ಮನೆಯವರಿಗೂ ಕೇಳಿಸುವ ಹಾಗೆ. ನಾನು ಅಲ್ಲೇ ಕೂತು ಹೊಲಿದುಕೊಡುತ್ತೇನೆ. ನನ್ನ ಕೂಲಿ ಅಷ್ಟೇ.